ಮೈಲುತುತ್ತದ ನೀಲಿ, ಕುದುರೆಮುಖದ ಕಪ್ಪು

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಯಲ್ಲಿ ಡಿ ಬ್ಲಾಕ್ ಪಾಠ ಅಂದ್ರೆ ಹೆಚ್ಚಿನ ಮಕ್ಕಳಿಗೆ ಉರು ಹೊಡೆಯುವ ಪಾಠ. ಡಿ ಬ್ಲಾಕಿನ, ಅಂದರೆ ಆವರ್ತ ಕೋಷ್ಟಕದ ನಡುಭಾಗದ, ಸಂಕ್ರಮಣ ಲೋಹಗಳ ಸಂಯುಕ್ತಗಳಿಗೆ ಬಣ್ಣ ಇರುತ್ತದೆ. ಅಯಸ್ಕಾಂತ ಅವನ್ನು ಎಳೆಯುತ್ತದೆ. ಬೇರೆ ಬೇರೆ ವೇಲೆನ್ಸಿ ತೋರಿಸುತ್ತವೆ, ಅಂದರೆ ಕಳೆದುಕೊಳ್ಳುವ ಎಲೆಕ್ಟ್ರಾನ್ ಸಂಖ್ಯೆ ಬದಲಾಗುತ್ತದೆ. ಒಳ್ಳೆ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಆಗಿ ಕೆಲಸ ಮಾಡುತ್ತವೆ. ನಾಲ್ಕು ಪಾಯಿಂಟು ಬರೆದರು, ಮಾರ್ಕ್ಸ್ ಬಂತು, ಮುಗೀತು. ಚಿಕ್ಕಮಗಳೂರಿನಲ್ಲಿ ಎಷ್ಟೋ ವರ್ಷದಿಂದ ಇದೇ ಪಾಠ ಮಾಡುತ್ತಿರುವ ನನಗೆ ಆ ಉತ್ತರ ಓದುವಾಗೆಲ್ಲ ಸಂಕಟವಾಗುತ್ತದೆ. ಆ ನಾಲ್ಕೂ ಒಂದೇ ಕಾರಣಕ್ಕೆ ಬರುವ ಗುಣಗಳು. ಆ ಕಾರಣ ಹಿಡಿದರೆ ಪಾಠ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕಾರಣ ಇಷ್ಟೇ. ಪರಮಾಣುವಿನ ಡಿ ಮಟ್ಟದಲ್ಲಿ ಐದು ಆರ್ಬಿಟಲ್, ಅಂದರೆ ಎಲೆಕ್ಟ್ರಾನ್ ಕೂರುವ ಜಾಗಗಳು ಇವೆ. ಒಂದೊಂದರಲ್ಲಿ ಎರಡರಂತೆ ಹತ್ತು ಎಲೆಕ್ಟ್ರಾನ್ ಹಿಡಿಯುತ್ತವೆ. ಸ್ಕ್ಯಾಂಡಿಯಂನಿಂದ ತಾಮ್ರದವರೆಗೆ ಈ ಜಾಗ ನಿಧಾನಕ್ಕೆ ತುಂಬುತ್ತಾ ಹೋಗುತ್ತದೆ. ಅರೆಬರೆ ತುಂಬಿರುವಾಗ ಜೋಡಿ ಸಿಗದ ಎಲೆಕ್ಟ್ರಾನ್‌ಗಳು ಉಳಿಯುತ್ತವೆ, ಖಾಲಿ ಜಾಗವೂ ಉಳಿಯುತ್ತದೆ. ಬಣ್ಣ, ಅಯಸ್ಕಾಂತದ ಗುಣ, ವೇಲೆನ್ಸಿ ಬದಲಾಯಿಸುವ ಸ್ವಭಾವ ಎಲ್ಲವೂ ಇಲ್ಲಿಂದಲೇ ಹೊರಡುತ್ತವೆ.

ಇದನ್ನು ಕಲಿಯಲು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗಿಂತ ಒಳ್ಳೆ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ ಅಂತ ನನ್ನ ಗಟ್ಟಿ ನಂಬಿಕೆ. ನನ್ನ ತವರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆ. ಅಲ್ಲಿನ ನೆಲದಲ್ಲಿ ಕ್ರೋಮಿಯಂ ಇದೆ. ಗಂಡನ ಮನೆ ಮೂಡಿಗೆರೆ ಕಡೆ, ಕಾಫಿ ತೋಟ. ಅಲ್ಲಿ ಪ್ರತಿ ಮಳೆಗಾಲಕ್ಕೆ ಮೊದಲು ತಾಮ್ರ ಬೇಕೇ ಬೇಕು. ಇನ್ನೊಂದು ಕಡೆ ಕುದುರೆಮುಖ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ. ಕಬ್ಬಿಣದ ಬೆಟ್ಟಗಳೇ.

ತಾಮ್ರದಿಂದಲೇ ಶುರು ಮಾಡ್ತೀನಿ.

ಮುಂಗಾರಿಗೆ ಮುಂಚೆ ನಮ್ಮ ತೋಟದಲ್ಲಿ ಬೋರ್ಡೋ ಅನ್ನೋ ತಾಮ್ರದ ಔಷಧಿ ಹೊಡೆಯುವ ಕೆಲಸ. ಕಾಫಿ ಎಲೆಯ ತುಕ್ಕು ರೋಗಕ್ಕೆ ಶೇಕಡ 0.5ರ ದ್ರಾವಣ, ಅಡಿಕೆ ಕೊಳೆರೋಗಕ್ಕೆ ಶೇಕಡ 1ರದ್ದು. ಶೇಕಡ 1 ಅಂದ್ರೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುತ್ತಾರೆ, ಸುಣ್ಣವನ್ನು ಇನ್ನೊಂದರಲ್ಲಿ ಕದಡುತ್ತಾರೆ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿದು ಕೋಲಿನಿಂದ ತಿರುಗಿಸುತ್ತಾರೆ. ಪಾರದರ್ಶಕ ನೀಲಿ ಹೋಗಿ ಆಕಾಶದ ಬಣ್ಣದ ದಪ್ಪ ಹಾಲಿನಂಥ ನೀರು ಆಗುತ್ತದೆ.

ಇನ್ನು ಮುಂದಿನದು ನನಗೆ ಬಹಳ ಇಷ್ಟದ ಗಳಿಗೆ. ಮೇಸ್ತ್ರಿ ತನ್ನ ಕತ್ತಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ಡ್ರಮ್ಮಿನೊಳಗೆ ಅದ್ದುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಹಿಡಿದಿದ್ದರೆ, “ಅಮ್ಮಾವ್ರೆ, ಇನ್ನೊಂಚೂರು ಸುಣ್ಣ ಬೇಕು” ಅಂತಾನೆ. ಹಿಡಿಯದಿದ್ದರೆ ಡ್ರಮ್ಮು ತಯಾರು. ಪಿಎಚ್ ಪೇಪರ್ ಇಲ್ಲ, ಮೀಟರ್ ಇಲ್ಲ. ಆದರೆ ಪರೀಕ್ಷೆ ಪಕ್ಕಾ.

ಆ ಕೆಂಪು ತಾಮ್ರದ್ದೇ. ಕಬ್ಬಿಣಕ್ಕೆ ತಾಮ್ರಕ್ಕಿಂತ ಎಲೆಕ್ಟ್ರಾನ್ ಕೊಡುವ ಆತುರ ಜಾಸ್ತಿ. ನೀರಿನಲ್ಲಿ ಕರಗಿದ ತಾಮ್ರದ ಅಯಾನ್ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಇದ್ದರೆ ಕಬ್ಬಿಣ ತಾನು ಕರಗಿ, ತಾಮ್ರಕ್ಕೆ ಎರಡು ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹವಾಗಿ ಕೂರಿಸುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ರೂಪಕ್ಕೆ ಬಂದಿರುತ್ತದೆ, ಕತ್ತಿಗೆ ಏನೂ ಅಂಟುವುದಿಲ್ಲ. ಕರಗಿದ ತಾಮ್ರ ಹಾಗೇ ಉಳಿದ ಔಷಧಿ ಹೊಡೆದರೆ ಎಲೆ ಸುಡುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಇದನ್ನು ಕಲೆಸಬಾರದು ಅನ್ನೋದಕ್ಕೂ ಇದೇ ಕಾರಣ. ಎಲೆಯ ಮೇಲೆ ಕೂತ ಆ ತೆಳು ಪದರದಿಂದ ತಾಮ್ರ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಿ, ಮೊಳೆಯಲು ಬಂದ ಶಿಲೀಂಧ್ರದ ಬೀಜಕಣದೊಳಗೆ ಹೋಗಿ ಅದರ ಎಂಜೈಮ್‌ಗಳನ್ನು ಕೆಡಿಸುತ್ತದೆ.

ಈ ಔಷಧಿ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ. ಮಿಲಾರ್ಡೆ ಅನ್ನೋ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಅಡಿಕೆ ಕೊಳೆರೋಗಕ್ಕೆ ಅದನ್ನು ತಂದು ಗೆದ್ದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದರಲ್ಲೂ ಅವರ ಪಾಲು ದೊಡ್ಡದು. ನಮ್ಮ ಮಲೆನಾಡಿನ ತೋಟಗಳು ಆ ಮನುಷ್ಯನಿಗೆ ಋಣಿಯಾಗಿರಬೇಕು ಅಂತ ನಾನು ಕ್ಲಾಸಿನಲ್ಲಿ ಹೇಳದೆ ಬಿಡುವುದಿಲ್ಲ.

ಸರಿ, ಮೈಲುತುತ್ತ ನೀಲಿ ಯಾಕೆ?

ಒಂದು ಹರಳನ್ನು ಒಣ ಪ್ರನಾಳದಲ್ಲಿ ಹಾಕಿ ಕಾಯಿಸಿ ನೋಡಿ. ಪ್ರನಾಳದ ಮೇಲ್ಭಾಗದಲ್ಲಿ ನೀರಿನ ಹನಿ ಕಟ್ಟುತ್ತದೆ. ಕೆಳಗೆ ನೀಲಿ ಮಾಸುತ್ತಾ ಮಾಸುತ್ತಾ ಬಿಳಿ ಪುಡಿಯಾಗುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿಡಿ. ಬಿದ್ದ ಜಾಗ ತಟ್ಟನೆ ನೀಲಿಯಾಗುತ್ತದೆ, ಪ್ರನಾಳ ಕೈಗೆ ಬೆಚ್ಚಗಾಗುತ್ತದೆ. ತಾಮ್ರ ಎಲ್ಲೂ ಹೋಗಿರಲಿಲ್ಲ. ಹೋಗಿ ಬಂದದ್ದು ನೀರು.

ಬಿಡಿಯಾಗಿರುವ ತಾಮ್ರದ ಅಯಾನ್‌ನಲ್ಲಿ ಐದೂ ಡಿ ಆರ್ಬಿಟಲ್‌ಗಳ ಶಕ್ತಿ ಒಂದೇ. ಸುತ್ತ ನೀರಿನ ಅಣುಗಳು ಬಂದು ಕೂತಾಗ ಅವುಗಳ ಕಡೆಗೇ ಮುಖ ಮಾಡಿದ ಆರ್ಬಿಟಲ್‌ಗಳ ಶಕ್ತಿ ಏರುತ್ತದೆ, ಸಂದಿಯಲ್ಲಿರುವವುಗಳದ್ದು ಇಳಿಯುತ್ತದೆ. ಮೇಲೆ ಒಂದು ಮಟ್ಟ, ಕೆಳಗೆ ಒಂದು ಮಟ್ಟ ಆಯಿತು. ಕೆಳಗಿನ ಎಲೆಕ್ಟ್ರಾನ್ ಮೇಲಕ್ಕೆ ಹೋಗಲು ಬೇಕಾದಷ್ಟು ಶಕ್ತಿ ಕೆಂಪು ಬೆಳಕಿನಲ್ಲಿದೆ. ಅದನ್ನು ತಾಮ್ರ ನುಂಗುತ್ತದೆ. ಉಳಿದ ನೀಲಿ ನಮ್ಮ ಕಣ್ಣಿಗೆ ಬರುತ್ತದೆ. ನೀರು ಹೋದಾಗ ಆ ಎರಡು ಮಟ್ಟಗಳ ಅಂತರ ಕುಗ್ಗಿ, ನುಂಗುವ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಡೆ ಸರಿದುಬಿಡುತ್ತದೆ. ಹಾಗಾಗಿ ಬಿಳಿ. ನೀರಿನ ಬದಲು ಅಮೋನಿಯ ಸೇರಿಸಿದರೆ ಅಂತರ ಹಿಗ್ಗುತ್ತದೆ, ಬಣ್ಣ ಕಡು ನೀಲಿಗೆ ತಿರುಗುತ್ತದೆ. ಸಾಲ್ಟ್ ಅನಾಲಿಸಿಸ್ ಮಾಡಿದವರೆಲ್ಲ ಅದನ್ನು ಕಂಡಿರುತ್ತಾರೆ.

ಮಕ್ಕಳಿಗೆ ಇದು ನಿಜ ಅನ್ನಿಸಬೇಕಾದರೆ ಪಕ್ಕದಲ್ಲೇ ಸತುವಿನ ಸಲ್ಫೇಟ್ ಇಡಬೇಕು. ಕಾಫಿಗೆ ಸತು ಕಡಿಮೆಯಾದರೆ ಎಲೆ ಸಣ್ಣಗಾಗುತ್ತದೆ ಅಂತ ಅದನ್ನೂ ನಮ್ಮ ತೋಟದಲ್ಲಿ ಸಿಂಪಡಿಸುತ್ತೇವೆ. ತಾಮ್ರದ ಪಕ್ಕದ ಮನೆಯ ಲೋಹ. ಆದರೆ ಉಪ್ಪಿನಷ್ಟು ಬಿಳಿ. ಯಾಕಂದ್ರೆ ಸತುವಿನ ಅಯಾನ್‌ನಲ್ಲಿ ಹತ್ತೂ ಎಲೆಕ್ಟ್ರಾನ್ ಭರ್ತಿ. ಮೇಲಿನ ಮಟ್ಟದಲ್ಲಿ ಖಾಲಿ ಜಾಗವೇ ಇಲ್ಲ ಅಂದಮೇಲೆ ಎಲೆಕ್ಟ್ರಾನ್ ಎಲ್ಲಿಗೆ ಹೋಗಬೇಕು? ಡಿ ಬ್ಲಾಕಿನಲ್ಲೇ ಕೂತಿದ್ದರೂ ಸತುವನ್ನು ನಿಜವಾದ ಸಂಕ್ರಮಣ ಲೋಹ ಅಂತ ಎಣಿಸದಿರುವುದು ಇದಕ್ಕೇ. ತುತ್ತ, ಸತು ಎರಡೂ ಒಂದೇ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತವೆ.

ಆದರೆ ಎಲ್ಲ ಬಣ್ಣಕ್ಕೂ ಈ ವಿವರಣೆ ಹೊಂದುವುದಿಲ್ಲ. ಪರ್ಮಾಂಗನೇಟ್ ನೋಡಿ. ಅದರಲ್ಲಿರುವ ಮ್ಯಾಂಗನೀಸ್ ಏಳು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿದೆ. ಡಿ ಮಟ್ಟ ಪೂರ್ತಿ ಖಾಲಿ. ಮೇಲಕ್ಕೆ ಹೋಗಲು ಎಲೆಕ್ಟ್ರಾನೇ ಇಲ್ಲ, ಆದರೂ ಆ ಪರಿಯ ನೇರಳೆ! ಇಲ್ಲಿ ಆಮ್ಲಜನಕದ ಎಲೆಕ್ಟ್ರಾನ್ ಬೆಳಕು ನುಂಗಿ ಮ್ಯಾಂಗನೀಸಿನ ಖಾಲಿ ಜಾಗಕ್ಕೆ ಬರುತ್ತದೆ. ಇಂಥ ಬಣ್ಣಗಳು ತುಂಬಾ ಗಾಢ. ಅದಕ್ಕೇ ಒಂದು ಹರಳು ಬಕೆಟ್ ನೀರನ್ನು ಬಣ್ಣ ಮಾಡುತ್ತದೆ.

ಪ್ರಾಕ್ಟಿಕಲ್‌ನಲ್ಲಿ ಆಕ್ಸಾಲಿಕ್ ಆಮ್ಲದ ಜೊತೆ ಮಾಡುವ ಪರ್ಮಾಂಗನೇಟ್ ಟೈಟ್ರೇಷನ್ (ಹನಿಹನಿಯಾಗಿ ಸುರಿದು ಪ್ರಮಾಣ ಅಳೆಯುವ ಪ್ರಯೋಗ) ಅನ್ನು ಮಕ್ಕಳು ರೀಡಿಂಗ್ ಬರೆಯುವ ಗಡಿಬಿಡಿಯಲ್ಲಿ ಮುಗಿಸಿಬಿಡುತ್ತಾರೆ. ನಾನು ಅವರನ್ನು ಮೊದಲ ಹನಿಗಳ ಹತ್ತಿರ ನಿಲ್ಲಿಸುತ್ತೇನೆ. ಫ್ಲಾಸ್ಕನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿದ್ದರೂ ಮೊದಲ ಹನಿಯ ಬಣ್ಣ ಬೇಗ ಹೋಗುವುದಿಲ್ಲ. ಗುಲಾಬಿ ಹಾಗೇ ನಿಂತಿರುತ್ತದೆ, ಫ್ಲಾಸ್ಕ್ ಅಲ್ಲಾಡಿಸುತ್ತಾ ಕಾಯಬೇಕು. ಎರಡನೇ ಹನಿ ಸ್ವಲ್ಪ ಚುರುಕು. ಆಮೇಲೆ ಹನಿ ಬಿದ್ದ ಕೂಡಲೇ ಮಾಯ. ಕಾರಣ ಏನು ಗೊತ್ತಾ? ಪರ್ಮಾಂಗನೇಟ್ ಐದು ಎಲೆಕ್ಟ್ರಾನ್ ಪಡೆದು ಮ್ಯಾಂಗನೀಸ್ ಎರಡು ಪ್ಲಸ್ (ಎರಡು ಎಲೆಕ್ಟ್ರಾನ್ ಮಾತ್ರ ಕಳೆದುಕೊಂಡ ಸ್ಥಿತಿ) ಆಗುತ್ತದೆ. ಹೀಗೆ ಹುಟ್ಟಿದ ಮ್ಯಾಂಗನೀಸೇ ಮುಂದಿನ ಕ್ರಿಯೆಗೆ ಕ್ಯಾಟಲಿಸ್ಟ್. ತನ್ನ ದಾರಿಯನ್ನು ತಾನೇ ಸಲೀಸು ಮಾಡಿಕೊಳ್ಳುತ್ತದೆ. ವೇಲೆನ್ಸಿ ಬದಲಾಯಿಸುವ ಗುಣವೂ ಕ್ಯಾಟಲಿಸ್ಟ್ ಗುಣವೂ ಬೇರೆ ಬೇರೆ ಅಲ್ಲ ಅನ್ನೋದು ಒಂದೇ ಫ್ಲಾಸ್ಕಿನಲ್ಲಿ ಕಣ್ಣೆದುರೇ ಕಾಣುತ್ತದೆ. ಎಲೆಕ್ಟ್ರಾನ್ ತಗೊಂಡು ಕೊಟ್ಟು ಮಾಡುವುದು ಸುಲಭ ಇದ್ದರೆ ತಾನೇ ನಡುವೆ ನಿಂತು ಕೆಲಸ ಮಾಡಿಸಲು ಆಗೋದು.

ಇನ್ನು ಎರಡು ಪ್ಲಸ್ ಮ್ಯಾಂಗನೀಸಿನ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ ಗುಲಾಬಿ. ಅದರಲ್ಲಿ ಐದು ಆರ್ಬಿಟಲ್‌ಗೆ ಐದು ಎಲೆಕ್ಟ್ರಾನ್, ಎಲ್ಲವೂ ಒಂದೇ ದಿಕ್ಕಿಗೆ ತಿರುಗಿವೆ. ಒಂದು ಮೇಲಕ್ಕೆ ಹೋಗಬೇಕಾದರೆ ತನ್ನ ತಿರುಗುವ ದಿಕ್ಕನ್ನೇ ಬದಲಿಸಬೇಕು. ಅದು ಅಪರೂಪಕ್ಕೆ ಆಗುವ ಕೆಲಸ. ಬಣ್ಣ ಹೀಗೆ ಮಾಸಿಹೋಗುವುದರಿಂದಲೇ ಈ ಟೈಟ್ರೇಷನ್‌ಗೆ ಬೇರೆ ಇಂಡಿಕೇಟರ್ ಬೇಡ. ಕೊನೆಯಲ್ಲಿ ಒಂದು ಹನಿ ಜಾಸ್ತಿಯಾದರೆ ಗುಲಾಬಿ ಹಾಗೇ ನಿಲ್ಲುತ್ತದೆ. ಅದೇ ಎಂಡ್ ಪಾಯಿಂಟ್.

ಬಣ್ಣದಲ್ಲಿ ಹೀಗೆ ಹಿಂದೆ ಬಿದ್ದ ಅದೇ ಅಯಾನ್ ಅಯಸ್ಕಾಂತದ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. ಜೋಡಿಯಿಲ್ಲದ ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಲೆಕ್ಕ ಸುಲಭ. ಜೋಡಿಯಿಲ್ಲದವು ಎಷ್ಟಿವೆಯೋ ಆ ಸಂಖ್ಯೆಯನ್ನು ಅದಕ್ಕಿಂತ ಎರಡು ಜಾಸ್ತಿಯ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ತಾಮ್ರಕ್ಕೆ ಒಂದು, ಅಂದರೆ 3ರ ವರ್ಗಮೂಲ, 1.73 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಅಯಸ್ಕಾಂತ ಗುಣದ ಅಳತೆ). ಮ್ಯಾಂಗನೀಸಿಗೆ ಐದು, 35ರ ವರ್ಗಮೂಲ, 5.92. ಸತುವಿಗೆ ಸೊನ್ನೆ. ಅಯಸ್ಕಾಂತದ ನಡುವೆ ಇಟ್ಟು ತಕ್ಕಡಿಯಲ್ಲಿ ತೂಗಿ ಅಳೆದರೂ ಈ ಲೆಕ್ಕಕ್ಕೆ ಹತ್ತಿರವೇ ಬರುತ್ತದೆ. ಎಲೆಕ್ಟ್ರಾನ್‌ಗಳನ್ನು ಎಣಿಸಿದಷ್ಟೇ ಆಯಿತಲ್ಲ! ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಈ ಎಳೆತ ತೀರಾ ದುರ್ಬಲ, ಕೈಯಲ್ಲಿ ಹಿಡಿದ ಅಯಸ್ಕಾಂತಕ್ಕೆ ತಿಳಿಯುವುದಿಲ್ಲ. ಕೈಗೆ ತಿಳಿಯುವಂಥದ್ದು ಬೇಕಾದರೆ ಜೋರು ಮಳೆ ನಿಂತ ಮೇಲೆ ರಸ್ತೆ ಬದಿಗೆ ಹೋಗಿ. ನೀರು ಹರಿದ ಜಾಗದಲ್ಲಿ ಕಪ್ಪು ಮರಳು ಗೆರೆ ಗೆರೆಯಾಗಿ ಕೂತಿರುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ಕಪ್ಪು ಕಣಗಳು ಎದ್ದು ಮುಳ್ಳಿನ ಹಾಗೆ ನಿಲ್ಲುತ್ತವೆ. ಅಯಸ್ಕಾಂತವನ್ನು ಕವರಿನಿಂದ ಹೊರಗೆ ಎಳೆದರೆ ಕಣಗಳು ಕಾಗದದ ಮೇಲೆ ಉದುರುತ್ತವೆ. ಕವರ್ ಇಲ್ಲದೆ ಆಡಿಸಿದರೆ ಕಣ ಬಿಡಿಸುವುದು ದೊಡ್ಡ ಪೀಕಲಾಟ. ಆ ಕಪ್ಪು ಕಣ ಬಹುಪಾಲು ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಅದಿರು. ಅದರ ಬೆಟ್ಟವೇ ಕುದುರೆಮುಖ.

ಮ್ಯಾಗ್ನೆಟೈಟಿನ ಒಂದು ಘಟಕದಲ್ಲಿ ಮೂರು ಕಬ್ಬಿಣ, ನಾಲ್ಕು ಆಮ್ಲಜನಕ. ಮೂರರಲ್ಲಿ ಒಂದು ಎರಡು ಪ್ಲಸ್, ಇನ್ನೆರಡು ಮೂರು ಪ್ಲಸ್. ಒಂದೇ ಲೋಹ, ಒಂದೇ ಕಲ್ಲು, ಎರಡು ವೇಲೆನ್ಸಿ. ಮೂರು ಪ್ಲಸ್‌ನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಐದೈದು. ಆದರೆ ಅವೆರಡೂ ಹರಳಿನಲ್ಲಿ ಬೇರೆ ಬೇರೆ ಬಗೆಯ ಜಾಗದಲ್ಲಿ ಕೂತು ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯುತ್ತವೆ. ಸಮಬಲದ ಹಗ್ಗಜಗ್ಗಾಟ, ಯಾರೂ ಗೆಲ್ಲುವುದಿಲ್ಲ. ಉಳಿಯುವುದು ಎರಡು ಪ್ಲಸ್ ಕಬ್ಬಿಣದ ನಾಲ್ಕು ಎಲೆಕ್ಟ್ರಾನ್. ಕಲ್ಲನ್ನು ಅಳೆದು ನೋಡಿದರೂ ಒಂದು ಘಟಕಕ್ಕೆ ಸುಮಾರು ನಾಲ್ಕೇ ಸಿಗುತ್ತದೆ. ಇದನ್ನು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ವಿವರಿಸಿದರು. ಈ ಬಗೆಯ ಕೆಲಸಕ್ಕಾಗಿ 1970ರಲ್ಲಿ ಅವರಿಗೆ ನೊಬೆಲ್ ಬಂತು.

ಕುದುರೆಮುಖದ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡ 40ಕ್ಕಿಂತ ಕಡಿಮೆ. ಬಳ್ಳಾರಿ ಕಡೆಯ ಅದಿರಿನ ಮುಂದೆ ಬಡವೇ. ಆದರೂ ಅಲ್ಲಿ ಗಣಿ ನಡೆದದ್ದು ಆ ನಾಲ್ಕು ಎಲೆಕ್ಟ್ರಾನ್‌ಗಳ ಬಲದಿಂದ. ಕಲ್ಲನ್ನು ನುಣ್ಣಗೆ ಅರೆದು ಅಯಸ್ಕಾಂತದ ಡ್ರಮ್ಮುಗಳ ಮೇಲೆ ಹರಿಸಿದರೆ ಕಬ್ಬಿಣದ ಕಣ ಅಂಟುತ್ತದೆ, ಬೆಣಚು ಕಲ್ಲಿನ ಪುಡಿ ಹರಿದು ಹೋಗುತ್ತದೆ. ಹೀಗೆ ಕಬ್ಬಿಣದ ಅಂಶ ಹೆಚ್ಚಿಸಿದ ಅದಿರು ನೀರಿನ ಜೊತೆ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು ಅನ್ನೋದು ನನ್ನ ಅಭಿಪ್ರಾಯ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಕಾಡು ಅದು. ಅಲ್ಲಿನ ಕಬ್ಬಿಣವನ್ನು ಪಾಠಕ್ಕೆ ಬಳಸಿದರೆ ಸಾಕು.

ಕೆಮ್ಮಣ್ಣುಗುಂಡಿಯ ಕಥೆ ಬೇರೆ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದ. ಅಲ್ಲಿ ಹೆಚ್ಚಾಗಿ ಕೆಂಪು ಹೆಮಟೈಟ್. ಅದರಲ್ಲಿರುವ ಕಬ್ಬಿಣವೆಲ್ಲ ಮೂರು ಪ್ಲಸ್, ಎಲ್ಲದಕ್ಕೂ ಐದೈದು ಒಂಟಿ ಎಲೆಕ್ಟ್ರಾನ್. ಲೆಕ್ಕದ ಪ್ರಕಾರ ಅದೇ ಬಲಶಾಲಿ ಆಗಬೇಕಿತ್ತು. ಆದರೆ ಅಕ್ಕಪಕ್ಕದವು ಹೆಚ್ಚುಕಮ್ಮಿ ಪೂರ್ತಿ ಎದುರುಬದುರಾಗಿ ನಿಂತು ಒಂದನ್ನೊಂದು ಅಳಿಸಿಹಾಕುತ್ತವೆ. ಅಯಸ್ಕಾಂತ ಹತ್ತಿರ ಹಿಡಿದರೆ ಕೆಂಪು ಕಲ್ಲು ಕದಲುವುದಿಲ್ಲ. ಒಂಟಿ ಎಲೆಕ್ಟ್ರಾನ್ ಇದ್ದರೆ ಸಾಲದು, ಅವು ಒಂದೇ ಕಡೆ ಮುಖ ಮಾಡಬೇಕು ಅಂತ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಇನ್ನೊಂದು ವಿಷಯ. ಕೆಂಪು ಮಣ್ಣನ್ನು ಒಣ ಎಲೆ, ಸೌದೆ ಜೊತೆ ಗಾಳಿ ಹೆಚ್ಚು ಆಡದಂತೆ ಸುಟ್ಟರೆ ಒಂದಿಷ್ಟು ಕಬ್ಬಿಣ ಮ್ಯಾಗ್ನೆಟೈಟ್ ಆಗಿ ತಿರುಗುತ್ತದೆ. ನೆಲದಡಿ ಹೂತುಹೋದ ಹಳೇ ಒಲೆಗಳನ್ನು ಪುರಾತತ್ವದವರು ಅಯಸ್ಕಾಂತದ ಉಪಕರಣದಿಂದ ಹುಡುಕಲು ಈ ಬದಲಾವಣೆಯೂ ನೆರವಾಗುತ್ತದೆ.

ನನ್ನ ತವರಿನ ಕಡೆ ಬೈರಾಪುರದಲ್ಲಿ ಕ್ರೋಮಿಯಂನ ಅದಿರಾದ ಕ್ರೋಮೈಟ್ ಇದೆ. ನುಗ್ಗೇಹಳ್ಳಿಗೆ ಜನ ಬರುವುದು 1246ರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಲು. ಭೂವಿಜ್ಞಾನಿಗಳು ಬರುವುದು ಅದೇ ಸಾಲಿನ ಕಲ್ಲು ನೋಡಲು. ಕ್ರೋಮೈಟ್ ಜೊತೆ ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಕೂಡ ಆ ಪಟ್ಟಿಯಲ್ಲಿದೆ. ಸ್ಕ್ಯಾಂಡಿಯಂ ಆದಮೇಲೆ ಟೈಟಾನಿಯಂ, ವನೇಡಿಯಂ, ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ ಅಂತ ಮಕ್ಕಳು ಗಿಳಿಪಾಠ ಒಪ್ಪಿಸುವ ಸಾಲಿನ ಅರ್ಧ ಒಂದೇ ತಾಲ್ಲೂಕಿನಲ್ಲಿ!

ಕ್ರೋಮಿಯಂ ನಮ್ಮ ಅಡುಗೆಮನೆಯಲ್ಲೂ ಇದೆ. ಸ್ಟೇನ್‌ಲೆಸ್ ಸ್ಟೀಲ್ ಅನ್ನಿಸಿಕೊಳ್ಳಲು ಕಬ್ಬಿಣಕ್ಕೆ ಕನಿಷ್ಠ ಶೇಕಡ 10.5 ಕ್ರೋಮಿಯಂ ಬೇಕು. ಅದು ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟಿ ತುಕ್ಕು ತಡೆಯುತ್ತದೆ. “ಅಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲು” ಅಂತ ನಮ್ಮತ್ತೆ ಪಾತ್ರೆ ಅಂಗಡಿಗೆ ಅಯಸ್ಕಾಂತ ಹಿಡಿದೇ ಹೋಗುತ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ನಿಕ್ಕಲ್ ಸೇರಿಸಿದರೆ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ ಅಯಸ್ಕಾಂತದ ಗುಣ ಹೋಗುತ್ತದೆ. ಆದರೆ ನಿಕ್ಕಲ್ ಕಡಿಮೆ ಮಾಡಿ ಅಗ್ಗದ ಮ್ಯಾಂಗನೀಸ್ ಹಾಕಿದರೂ ಹಾಗೇ ಆಗುತ್ತದೆ. ಇನ್ನು ಅಂಥ ಲೋಟದ ಮೈಗೆ ಅಂಟದ ಅಯಸ್ಕಾಂತ ಮಡಿಚಿದ ಅಂಚಿನ ಹತ್ತಿರ ಮೆಲ್ಲಗೆ ಎಳೆಯುವುದುಂಟು. ಬಗ್ಗಿಸುವಾಗ ಬಿದ್ದ ಒತ್ತಡಕ್ಕೆ ಅಲ್ಲಿನ ಜೋಡಣೆ ಮತ್ತೆ ಬದಲಾಗಿರುತ್ತದೆ. ಇದನ್ನು ತೋರಿಸಿದಾಗ ಅತ್ತೆ ಮನೆಯ ಪಾತ್ರೆಗಳ ಅಂಚನ್ನೆಲ್ಲ ಪರೀಕ್ಷೆ ಮಾಡಿದರು.

ಈ ಪಾಠ ಮುಗಿಯುವಷ್ಟರಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, “ಮೇಡಂ, ರಕ್ತದಲ್ಲೂ ಕಬ್ಬಿಣ ಇದೆಯಲ್ಲ, ಅದು ಅಯಸ್ಕಾಂತಕ್ಕೆ ಯಾಕೆ ಅಂಟಲ್ಲ?” ನಾನು ಕಾಯುತ್ತಿರುವ ಪ್ರಶ್ನೆ ಅದು. ಹಿಮೋಗ್ಲೋಬಿನ್ನಿನ ಕಬ್ಬಿಣ ಎರಡು ಪ್ಲಸ್. ಆಮ್ಲಜನಕ ಇಲ್ಲದಾಗ ಅದರಲ್ಲಿ ನಾಲ್ಕು ಒಂಟಿ ಎಲೆಕ್ಟ್ರಾನ್ ಇವೆ. ಆದರೆ ಆ ಕಬ್ಬಿಣಗಳು ಪ್ರೋಟೀನಿನೊಳಗೆ ದೂರ ದೂರ ಕೂತಿವೆ. ಕಲ್ಲಿನಲ್ಲಿ ಇದ್ದಂತೆ ಒಂದನ್ನೊಂದು ಹಿಡಿದು ಸಾಲಾಗಿ ನಿಲ್ಲಲು ಆಗುವುದಿಲ್ಲ. ಇನ್ನು ಆಮ್ಲಜನಕದ ಅಣುವಿನಲ್ಲೂ ಎರಡು ಒಂಟಿ ಎಲೆಕ್ಟ್ರಾನ್ ಇವೆ. ಎರಡೂ ಸೇರಿದಾಗ ಎಳೆತ ಜಾಸ್ತಿ ಆಗಬೇಕು ಅನ್ನಿಸುತ್ತದೆ ಅಲ್ವಾ? ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿ ಅಳೆದು ನೋಡಿದರು. ಆಮ್ಲಜನಕ ತುಂಬಿದ ರಕ್ತದಲ್ಲಿ ಒಂಟಿ ಎಲೆಕ್ಟ್ರಾನ್ ಸಿಗಲೇ ಇಲ್ಲ. ಅಯಸ್ಕಾಂತ ಅದನ್ನು ಒಂಚೂರು ದೂರವೇ ತಳ್ಳುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅನ್ನು ಒಂಚೂರು ಎಳೆಯುತ್ತದೆ.

ಈ ಸಣ್ಣ ವ್ಯತ್ಯಾಸವನ್ನೇ ಹಿಡಿದು 1990ರಲ್ಲಿ ಸೇಜಿ ಒಗಾವ ಮತ್ತು ಜೊತೆಗಾರರು ಎಂಆರ್‌ಐ ಯಂತ್ರದಲ್ಲಿ ಮಿದುಳಿನ ರಕ್ತದ ಆಮ್ಲಜನಕವನ್ನು ಚಿತ್ರವಾಗಿ ಕಾಣುವ ದಾರಿ ತೋರಿಸಿದರು. ಮಿದುಳಿನ ಯಾವ ಭಾಗ ಚುರುಕಾಗುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ, ಚಿತ್ರದಲ್ಲಿ ಆ ಜಾಗ ಬೇರೆಯಾಗಿ ಕಾಣುತ್ತದೆ. ಇಷ್ಟು ಹೇಳಿ, ಎರಡು ಪ್ಲಸ್ ಕಬ್ಬಿಣದ ಆರು ಎಲೆಕ್ಟ್ರಾನ್‌ಗಳನ್ನು ಐದು ಆರ್ಬಿಟಲ್‌ಗಳಲ್ಲಿ ಎರಡು ರೀತಿ ಕೂರಿಸಿ ತೋರಿಸಿ ಅಂತ ಮಕ್ಕಳ ಕೈಗೆ ಚಾಕ್‌ಪೀಸ್ ಕೊಡುತ್ತೇನೆ. ನಾಲ್ಕು ಒಂಟಿ ಬರುವ ರೀತಿ ಒಂದು, ಒಂದೂ ಒಂಟಿ ಉಳಿಯದ ರೀತಿ ಇನ್ನೊಂದು. ಎರಡನ್ನೂ ಸರಿಯಾಗಿ ಬಿಡಿಸಿದವರಿಗೆ ಡಿ ಬ್ಲಾಕ್ ಬಂತು ಅಂತಲೇ ನನ್ನ ಲೆಕ್ಕ.